ಚೀಲ ಚೊಲೊ ಅದ, ಬಾಯಿ ಬಿಗಿ ಇಲ್ಲ: ಧೂಳಿನ ಚೀಲದ ಕಥೆ

ವಡಗೇರಾದಲ್ಲಿರುವ ನಮ್ಮ ಸೋದರಮಾವನ ಮನೆಯ ಅಟ್ಟದ ಮೇಲೆ ಒಂದು ಹಳೆಯ ವ್ಯಾಕ್ಯೂಮ್ ಕ್ಲೀನರ್ ಬಹಳ ವರ್ಷ ಬಿದ್ದುಕೊಂಡಿತ್ತು. ಮಾಮಾ ಮುಂಬೈಯಲ್ಲಿ ಒಂದು ಕಟ್ಟಡದ ವಾಚ್‌ಮನ್ ಆಗಿದ್ದರು. ಅಲ್ಲಿ ಮನೆ ಖಾಲಿ ಮಾಡಿ ಹೊರಟ ಕುಟುಂಬವೊಂದು ಅದನ್ನು ಅವರಿಗೆ ಕೊಟ್ಟು ಹೋಗಿತ್ತು. ರೈಲಿನಲ್ಲಿ ಯಾದಗಿರಿಯವರೆಗೆ, ಅಲ್ಲಿಂದ ಬಸ್ಸಿನಲ್ಲಿ ಊರಿಗೆ ಬಂದ ಆ ಡಬ್ಬಿಯನ್ನು ಯಾರೂ ಬಳಸಲಿಲ್ಲ. ಅತ್ತಿ ಅದನ್ನು "ಧೂಳು ಎಳಿಯೋ ಮಷೀನ್" ಅನ್ನುತ್ತಾರೆ.

ಅತ್ತಿಗೆ ದಮ್ಮಿನ ತೊಂದರೆ ಇದೆ. ತೊಗರಿ ರಾಶಿ ಶುರುವಾದರೆ ಊರೆಲ್ಲ ಹೊಟ್ಟಿನ ಧೂಳು. ಗಾದಿ, ಕೌದಿ, ದಿಂಬು ಎಲ್ಲದರಲ್ಲೂ ಅದು ಸೇರುತ್ತದೆ. ಕೌದಿ ಝಾಡಿಸಿದರೆ ಅತ್ತಿಗೆ ರಾತ್ರಿ ನಿದ್ದೆ ಇಲ್ಲ. ಹೋದ ಸಲ ಮನೆಗೆ ಹೋದಾಗ ಮಾಮಾ ಮಷೀನನ್ನು ಕೆಳಗಿಳಿಸಿದ್ದರು. ಮೋಟರ್ ಚೆನ್ನಾಗಿ ತಿರುಗುತ್ತಿತ್ತು. ಒಳಗಿನ ಧೂಳಿನ ಚೀಲ ಮಾತ್ರ ಹರಿದು ಚಿಂದಿಯಾಗಿತ್ತು. ಟೇಲರ್ ಹತ್ತಿರ ಒಂದು ಗಟ್ಟಿ ಬಟ್ಟೆಯ ಚೀಲ ಹೊಲಿಸಿ ಹಾಕಿದರು.

ಶುರುವಿನಲ್ಲಿ ಎಲ್ಲರಿಗೂ ಖುಷಿ. ಐದಾರು ನಿಮಿಷ ಆದ ಮೇಲೆ ಕಿಟಕಿಯಿಂದ ಬಿಸಿಲು ಬೀಳುವ ಜಾಗದಲ್ಲಿ ನಿಂತು ನೋಡಿದರೆ, ಮಷೀನಿನ ಹಿಂದಿನ ಜಾಲರಿಯಿಂದ ಸಣ್ಣ ಧೂಳು ಹೊಗೆಯಂತೆ ಹೊರಬರುತ್ತಿತ್ತು. ಕೌದಿಯೊಳಗೆ ಕುಳಿತಿದ್ದ ಧೂಳನ್ನು ನಾವು ಮನೆಯ ಗಾಳಿಗೆ ಬಿಡುತ್ತಿದ್ದೆವು. ಅತ್ತಿ ಕೆಮ್ಮುತ್ತ ಹೊರಗೆ ಹೋದರು.

ಬಟ್ಟೆ ಹರಿದಿರಲಿಲ್ಲ. ಹೊಲಿಗೆ ಬಿಟ್ಟಿರಲಿಲ್ಲ. ಹಾಗಾದರೆ ಧೂಳು ಎಲ್ಲಿಂದ ಬಂತು? ಇದನ್ನು ಹುಡುಕುತ್ತ ಹೋದಾಗ ಈ ಚೀಲಕ್ಕೆ 120 ವರ್ಷಕ್ಕೂ ಹೆಚ್ಚಿನ ಚರಿತ್ರೆ ಇದೆ ಎಂದು ಗೊತ್ತಾಯಿತು. ಆ ಚರಿತ್ರೆಯಲ್ಲಿ ಲಂಡನ್ ಇದೆ, ಅಮೆರಿಕ ಇದೆ, ನಮ್ಮ ಗೋಕಾಕವೂ ಇದೆ. ಕೊನೆಗೆ ಉತ್ತರ ಸಿಕ್ಕಿದ್ದು ಮಾತ್ರ ಊರಿನ ಖಾರದ ಗಿರಣಿಯಲ್ಲಿ.

ಇದು ತುಂಬಿಡುವ ಚೀಲವಲ್ಲ

ಜೋಳದ ಚೀಲ, ಗೊಬ್ಬರದ ಚೀಲಗಳ ಕೆಲಸ ಒಳಗಿದ್ದದ್ದನ್ನು ಹಿಡಿದಿಡುವುದು. ವ್ಯಾಕ್ಯೂಮ್ ಕ್ಲೀನರಿನ ಚೀಲಕ್ಕೆ ಎರಡು ಕೆಲಸ. ಧೂಳನ್ನು ಹಿಡಿಯಬೇಕು, ಗಾಳಿಯನ್ನು ಬಿಡಬೇಕು. ಚಹಾ ಸೋಸುವ ಬಟ್ಟೆಯ ಹಾಗೆ.

ಡಬ್ಬಿಯಂಥ ಮಷೀನಿನಲ್ಲಿ ಫ್ಯಾನು ಮತ್ತು ಮೋಟರ್ ಚೀಲದ ಹಿಂದೆ ಇರುತ್ತವೆ. ಫ್ಯಾನು ಗಾಳಿಯನ್ನು ಹೊರಗೆ ತಳ್ಳಿದಂತೆ ಚೀಲದ ಗೂಡಿನಲ್ಲಿ ಒತ್ತಡ ಕಡಿಮೆಯಾಗುತ್ತದೆ. ಆಗ ಹೊರಗಿನ ಗಾಳಿ ಉದ್ದನೆಯ ಪೈಪಿನ ಮೂಲಕ ಧೂಳಿನ ಸಮೇತ ಒಳಗೆ ನುಗ್ಗಿ, ಚೀಲದೊಳಗೆ ಬಂದು, ಬಟ್ಟೆಯ ಸಣ್ಣ ರಂಧ್ರಗಳಿಂದ ಪಾರಾಗಿ ಫ್ಯಾನಿನ ಕಡೆ ಹೋಗುತ್ತದೆ. ಧೂಳು ಚೀಲದಲ್ಲಿ ಉಳಿಯುತ್ತದೆ. ಹಳೆಯ ಮಷೀನುಗಳಲ್ಲಿ ಇದೇ ಗಾಳಿ ಮೋಟರನ್ನು ತಂಪು ಮಾಡಿ ಹಿಂದಿನ ಜಾಲರಿಯಿಂದ ಹೊರಬೀಳುತ್ತದೆ.

ಗಾಳಿ ಯಾವಾಗಲೂ ಸುಲಭದ ದಾರಿ ಹಿಡಿಯುತ್ತದೆ. ಪೈಪು ಚೀಲಕ್ಕೆ ಸೇರುವ ಜಾಗದಲ್ಲಿ, ಅಂದರೆ ಚೀಲದ ಬಾಯಿಯಲ್ಲಿ, ಸ್ವಲ್ಪ ಸಂದಿ ಇದ್ದರೆ ಗಾಳಿ ಬಟ್ಟೆಯನ್ನು ಬಿಟ್ಟು ಅಲ್ಲಿಂದ ನುಸುಳುತ್ತದೆ. ಚೀಲ ತುಂಬಿದಷ್ಟೂ ಬಟ್ಟೆಯ ರಂಧ್ರ ಮುಚ್ಚಿಕೊಳ್ಳುತ್ತವೆ, ಸಂದಿಯಿಂದ ಹೋಗುವ ಗಾಳಿ ಹೆಚ್ಚುತ್ತದೆ. ನಮ್ಮ ಮಷೀನು ಐದಾರು ನಿಮಿಷ ಬಿಟ್ಟು ಧೂಳು ಉಗುಳಲು ಶುರು ಮಾಡಿದ್ದು ಅದಕ್ಕೇ. ಹೀಗೆ ನುಸುಳಿದ ಧೂಳು ಮೋಟರಿನ ಕಾರ್ಬನ್ ಬ್ರಷ್ ಮತ್ತು ಬೇರಿಂಗ್ ಸವೆಸುತ್ತದೆ. ಉಳಿದದ್ದು ಮನೆಯ ಜನರ ಎದೆಗೆ ಹೋಗುತ್ತದೆ.

1901: ಬಾಯಿಗೆ ಕರವಸ್ತ್ರ ಹಿಡಿದ ಎಂಜಿನಿಯರ್

ಹ್ಯೂಬರ್ಟ್ ಸೆಸಿಲ್ ಬೂತ್ ಇಂಗ್ಲೆಂಡಿನ ಎಂಜಿನಿಯರ್. ಲಂಡನ್ನಿನಲ್ಲಿ ಒಂದು ಹೊಸ ಮಷೀನಿನ ಪ್ರದರ್ಶನ ನೋಡಲು ಹೋಗಿದ್ದ. ಅದು ಜೋರಾಗಿ ಗಾಳಿ ಊದಿ ಧೂಳನ್ನು ಹಾರಿಸುವ ಮಷೀನು. ಧೂಳು ಒಂದು ಕಡೆಯಿಂದ ಎದ್ದು ಇನ್ನೊಂದು ಕಡೆ ಕೂರುತ್ತಿತ್ತು. ಊದುವ ಬದಲು ಎಳೆದರೆ ಹೇಗೆ ಎಂದು ಬೂತ್‌ಗೆ ಅನ್ನಿಸಿತು.

ಆಮೇಲೆ ಅವನು ಮಾಡಿದ ಪರೀಕ್ಷೆ ಬಹಳ ಸರಳ. ಒಂದು ಹೋಟೆಲಿನ ಮೆತ್ತನೆಯ ಕುರ್ಚಿಯ ಮೇಲೆ ತನ್ನ ಕರವಸ್ತ್ರ ಹಾಸಿ, ಅದಕ್ಕೆ ಬಾಯಿ ಹಚ್ಚಿ ಜೋರಾಗಿ ಉಸಿರೆಳೆದ. ಕರವಸ್ತ್ರ ತಿರುವಿ ನೋಡಿದರೆ ಕುರ್ಚಿಯ ಕಡೆಗಿದ್ದ ಮಗ್ಗುಲಲ್ಲಿ ಧೂಳಿನ ಕಪ್ಪು ಗುರುತು ಮೂಡಿತ್ತು. ಗಾಳಿ ಬಟ್ಟೆ ದಾಟಿತ್ತು, ಧೂಳು ಬಟ್ಟೆಗೆ ಅಂಟಿತ್ತು. ಧೂಳಿನ ಚೀಲದ ಚರಿತ್ರೆ ಈ ಕರವಸ್ತ್ರದಿಂದ ಶುರುವಾಯಿತು ಅನ್ನಬಹುದು.

1901ರಲ್ಲಿ ಬೂತ್ ಪೇಟೆಂಟ್ ಪಡೆದ. ಅವನ ಮೊದಲ ಮಷೀನು ಮನೆಯೊಳಗೆ ಹಿಡಿಸುತ್ತಿರಲಿಲ್ಲ. ಪೆಟ್ರೋಲ್ ಎಂಜಿನ್ನಿನ ಪಂಪನ್ನು ಕುದುರೆ ಗಾಡಿಯ ಮೇಲೆ ಕೂರಿಸಿದ್ದರು. ಗಾಡಿಯನ್ನು ರಸ್ತೆಯಲ್ಲಿ ನಿಲ್ಲಿಸಿ, ಉದ್ದನೆಯ ಪೈಪುಗಳನ್ನು ಕಿಟಕಿಯಿಂದ ಒಳಗೆ ಹಾಕಿ ಮನೆ ಸ್ವಚ್ಛ ಮಾಡುತ್ತಿದ್ದರು. 1902ರಲ್ಲಿ ಏಳನೇ ಎಡ್ವರ್ಡ್ ದೊರೆಯ ಪಟ್ಟಾಭಿಷೇಕಕ್ಕೆ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ರತ್ನಗಂಬಳಿಗಳನ್ನು ಇದೇ ಮಷೀನು ಸ್ವಚ್ಛ ಮಾಡಿತು.

1907: ದಮ್ಮಿನ ರೋಗಿಯ ದಿಂಬಿನ ಚೀಲ

ಬೂತನ ಮಷೀನು ದೊಡ್ಡವರ ಮನೆಯದು. ಒಬ್ಬರೇ ಕೈಯಲ್ಲಿ ಹಿಡಿದು ಓಡಿಸುವ ಮಷೀನು ಮಾಡಿದವನು ಸ್ವತಃ ಕಸ ಗುಡಿಸುವವನು.

ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್ ಅಮೆರಿಕದ ಓಹಾಯೊ ರಾಜ್ಯದ ಕ್ಯಾಂಟನ್ ಊರಿನಲ್ಲಿ ಒಂದು ದೊಡ್ಡ ಅಂಗಡಿಯ ಕಾವಲು ಮತ್ತು ಕಸ ಗುಡಿಸುವ ಕೆಲಸ ಮಾಡುತ್ತಿದ್ದ. ಅವನಿಗೆ ದಮ್ಮು. ಗುಡಿಸಿದಾಗ ಏಳುವ ಧೂಳು ಅವನ ಉಸಿರು ಕಟ್ಟಿಸುತ್ತಿತ್ತು. ಕೆಲಸ ಬಿಟ್ಟರೆ ಹೊಟ್ಟೆಗಿಲ್ಲ, ಮಾಡಿದರೆ ಉಸಿರಿಲ್ಲ. 1907ರಲ್ಲಿ ಅವನು ಕೈಗೆ ಸಿಕ್ಕ ಸಾಮಾನುಗಳಿಂದ ಒಂದು ಮಷೀನು ಕಟ್ಟಿದ. ಸೋಪಿನ ಪೆಟ್ಟಿಗೆ, ಒಂದು ಸಣ್ಣ ಫ್ಯಾನಿನ ಮೋಟರ್, ಕಸಬರಿಗೆಯ ಹಿಡಿಕೆ. ಧೂಳು ಹಿಡಿಯಲು ಒಂದು ದಿಂಬಿನ ಚೀಲ.

1908ರ ಜೂನ್ 2ರಂದು ಅವನಿಗೆ ಪೇಟೆಂಟ್ ಸಿಕ್ಕಿತು. ಮಷೀನು ಮಾಡಿ ಮಾರಲು ಅವನ ಹತ್ತಿರ ಹಣ ಇರಲಿಲ್ಲ. ಅದೇ ಸೀಮೆಯಲ್ಲಿ ಕುದುರೆಯ ಜೀನು ಮತ್ತು ಚರ್ಮದ ಸಾಮಾನು ಮಾಡುತ್ತಿದ್ದ ವಿಲಿಯಂ ಹೂವರ್ ಕುಟುಂಬ ಪೇಟೆಂಟನ್ನು ಕೊಂಡುಕೊಂಡಿತು. ಮೋಟರ್ ಕಾರು ಬಂದು ಕುದುರೆಯ ಜೀನಿನ ವ್ಯಾಪಾರ ಇಳಿಯುತ್ತಿದ್ದ ಕಾಲ ಅದು. ಹತ್ತು ದಿನ ಮನೆಯಲ್ಲಿಟ್ಟುಕೊಂಡು ಪುಕ್ಕಟೆ ಬಳಸಿ ನೋಡಿ ಎಂದು ಹೂವರ್ ಕಂಪನಿ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿತು. ಮುಂದೆ ಅದರ ಹೆಸರು ಎಷ್ಟು ಹಬ್ಬಿತೆಂದರೆ, ಇಂಗ್ಲೆಂಡಿನಲ್ಲಿ ಇಂದಿಗೂ ಮನೆಯ ಧೂಳು ತೆಗೆಯುವುದಕ್ಕೆ "ಹೂವರ್ ಮಾಡುವುದು" ಅನ್ನುತ್ತಾರೆ. ಸ್ಪ್ಯಾಂಗ್ಲರ್ 1915ರಲ್ಲಿ ತೀರಿಕೊಂಡ. ಅವನ ಹೆಸರು ಗೊತ್ತಿರುವವರು ಕಡಿಮೆ.

ಅತ್ತಿಯ ಕೆಮ್ಮು ಕೇಳಿದ ಮೇಲೆ ಈ ಕಥೆ ಓದಿದಾಗ ನನಗೆ ಬೇರೆಯೇ ಅನ್ನಿಸಿತು. ಮನೆ ಮನೆಗೆ ಹೋದ ಈ ಮಷೀನು ಸಿರಿವಂತರ ಸೊಗಸಿಗೆ ಹುಟ್ಟಿದ್ದಲ್ಲ. ದಮ್ಮು ಇದ್ದ ಒಬ್ಬ ಕೂಲಿಯವನು ಉಸಿರಾಡಲಿಕ್ಕೆ ಮಾಡಿಕೊಂಡದ್ದು.

ಮನೆಗಿಂತ ಮೊದಲು ಗಿರಣಿ

ಗಾಳಿ ಬಿಟ್ಟು ಪುಡಿ ಹಿಡಿಯುವ ಬಟ್ಟೆ ವ್ಯಾಕ್ಯೂಮ್ ಕ್ಲೀನರಿಗಿಂತ ಹಳೆಯದು. ಹಿಟ್ಟಿನ ಗಿರಣಿಗಳಲ್ಲಿ ಅದರ ಅಗತ್ಯ ಮೊದಲೇ ಗೊತ್ತಾಗಿತ್ತು.

1878ರ ಮೇ 2ರಂದು ಅಮೆರಿಕದ ಮಿನಿಯಾಪೊಲಿಸ್ ನಗರದ ವಾಷ್‌ಬರ್ನ್ 'ಎ' ಗಿರಣಿ ಸ್ಫೋಟಗೊಂಡಿತು. ಕಾರಣ ಮದ್ದುಗುಂಡಲ್ಲ, ಹಿಟ್ಟು. ಗಾಳಿಯಲ್ಲಿ ತೇಲುವ ನುಣ್ಣನೆಯ ಹಿಟ್ಟಿಗೆ ಕಿಡಿ ತಾಗಿದರೆ ಅದು ಒಮ್ಮೆಲೇ ಉರಿದು ಸಿಡಿಯುತ್ತದೆ. 18 ಜನ ಸತ್ತರು. ಆ ಮೇಲೆ ಗಿರಣಿಗಳಲ್ಲಿ ತೇಲುವ ಹಿಟ್ಟನ್ನು ಎಳೆದು ಹಿಡಿಯುವ ವ್ಯವಸ್ಥೆಗೆ ಒತ್ತು ಬಂತು. ಬಟ್ಟೆಯ ಉದ್ದನೆಯ ಚೀಲಗಳಲ್ಲಿ ಗಾಳಿ ಸೋಸುವ ಯಂತ್ರಗಳು 19ನೇ ಶತಮಾನದ ಕೊನೆಯ ಹೊತ್ತಿಗೆ ಬಂದವು. ಇಂದಿನ ಸಿಮೆಂಟ್ ಕಾರ್ಖಾನೆಗಳಲ್ಲಿಯೂ ಅದೇ ತತ್ವದ ದೊಡ್ಡ ಚೀಲಗಳು ಧೂಳು ಹಿಡಿಯುತ್ತವೆ.

ಇಷ್ಟು ದೂರ ಹೋಗುವುದೂ ಬೇಡ. ನಮ್ಮ ಊರುಗಳ ಖಾರದ ಗಿರಣಿಗೆ ಹೋಗಿ ನೋಡಿ. ಒಣಮೆಣಸಿನಕಾಯಿ ಪುಡಿಯಾಗಿ ಗಾಳಿಯ ಜೊತೆ ಹೊರಬರುವ ಬಾಯಿಗೆ ಒಂದು ಉದ್ದನೆಯ ಬಟ್ಟೆಯ ಚೀಲ ಕಟ್ಟಿರುತ್ತಾರೆ. ಮಷೀನು ಶುರುವಾದ ಕೂಡಲೇ ಚೀಲ ಉಬ್ಬುತ್ತದೆ. ಗಾಳಿ ಬಟ್ಟೆಯಿಂದ ಹೊರಗೆ, ಖಾರ ಒಳಗೆ. ಸ್ಪ್ಯಾಂಗ್ಲರನ ದಿಂಬಿನ ಚೀಲ ಮಾಡಿದ್ದೂ ಇದೇ ಕೆಲಸ. ಅವನ ಮಷೀನಿನಲ್ಲಿಯೂ ಫ್ಯಾನು ಮುಂದೆ, ಚೀಲ ಹಿಂದೆ.

ಚೀಲ ಒಳಗೆ ಹೋಯಿತು, ಬಾಯಿ ಬೇರೆ ಬೇರೆ ಆಯಿತು

ಸ್ವೀಡನ್ನಿನ ಎಲೆಕ್ಟ್ರೋಲಕ್ಸ್ ಕಂಪನಿ 1921ರಲ್ಲಿ 'ಮಾಡೆಲ್ ವಿ' ಎಂಬ ಮಷೀನು ತಂದಿತು. ಉದ್ದನೆಯ ಕೊಳವೆಯಂಥ ಮೈ, ಕೆಳಗೆ ಜಾರುಪಟ್ಟಿ, ಮುಂದೆ ಪೈಪು. ನೆಲದ ಮೇಲೆ ಎಳೆದುಕೊಂಡು ಓಡಾಡಬಹುದಿತ್ತು. ಹೊರಗೆ ಜೋತುಬಿದ್ದಿದ್ದ ಚೀಲ ಈಗ ಮೈಯೊಳಗೆ ಹೋಯಿತು. ಅದೇ ದಶಕದಲ್ಲಿ ಅಮೆರಿಕದಲ್ಲಿ ಕಾಗದದ ಚೀಲವೂ ಬಂತು. ತುಂಬಿದ ಮೇಲೆ ಝಾಡಿಸುವ ಕೆಲಸವಿಲ್ಲ, ಹಾಗೇ ಎಸೆಯಬಹುದು.

ಇದರಿಂದ ಅನುಕೂಲ ಆಯಿತು, ಒಂದು ತೊಡಕೂ ಹುಟ್ಟಿತು. ಹೊರಗಿನ ಚೀಲದ ಬಾಯಿಯನ್ನು ಹಗ್ಗದಿಂದಲೋ ಕ್ಲಿಪ್ಪಿನಿಂದಲೋ ಬಿಗಿಯಬಹುದಿತ್ತು. ಒಳಗಿನ ಚೀಲದ ಬಾಯಿಗೆ ರಟ್ಟಿನ ಪಟ್ಟಿ, ಅದರ ನಡುವೆ ರಂಧ್ರ, ರಂಧ್ರದ ಸುತ್ತ ರಬ್ಬರ್ ಬೇಕಾಯಿತು. ಒಂದು ಕಂಪನಿಯ ರಟ್ಟು ಚೌಕ, ಇನ್ನೊಂದರದ್ದು ಉದ್ದ. ಒಂದರ ರಂಧ್ರ ನಡುವೆ, ಇನ್ನೊಂದರದ್ದು ಮೇಲೆ. ಒಂದೇ ಕಂಪನಿಯ ಹಳೆಯ ಮಾದರಿಯ ಚೀಲ ಹೊಸ ಮಾದರಿಗೆ ಕೂರದಿರಬಹುದು. ಮಷೀನು ಒಮ್ಮೆ ಮಾರಾಟವಾಗುತ್ತದೆ, ಚೀಲ ಮತ್ತೆ ಮತ್ತೆ. ಮಾದರಿ ನಿಂತು ವರ್ಷಗಳಾದ ಮೇಲೆ ಅದರ ಚೀಲ ಮಾಡಿ ಮಾರುವುದು ಯಾರಿಗೂ ಲಾಭದ ವ್ಯಾಪಾರವಲ್ಲ. ಗಟ್ಟಿಮುಟ್ಟಾದ ಮೋಟರ್ ಇದ್ದೂ ಹಳೆಯ ಮಷೀನುಗಳು ಗುಜರಿಗೆ ಹೋಗುವುದು ಬಹಳ ಸಲ ಹೀಗೆ.

ಸೋಸುವ ಬಟ್ಟೆಯ ವಿದ್ಯೆ ಮುಂದುವರಿಯಿತು. 1940ರ ದಶಕದಲ್ಲಿ ಅಮೆರಿಕದ ಅಣುಬಾಂಬ್ ಯೋಜನೆಯಲ್ಲಿ ವಿಕಿರಣದ ಕಣಗಳನ್ನು ತಡೆಯಲು ರೂಪಿಸಿದ ಸೋಸುಕ ಮುಂದೆ 'ಹೆಪಾ' ಎಂಬ ಹೆಸರಿನಲ್ಲಿ ಆಸ್ಪತ್ರೆಗೂ ಮನೆಗೂ ಬಂತು. ಅದರ ಅಳತೆಗೋಲು 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಶೇ 99.97ನ್ನು ತಡೆಯುವುದು. ಒಂದು ಮಿಲಿಮೀಟರಿನಲ್ಲಿ 1,000 ಮೈಕ್ರಾನ್. ನಮ್ಮ ತಲೆಗೂದಲ ದಪ್ಪ ಸುಮಾರು 70 ಮೈಕ್ರಾನ್. ಅಂದರೆ ಹೆಪಾ ತಡೆಯುವ ಕಣ ಕೂದಲಿಗಿಂತ 200 ಪಟ್ಟಿಗೂ ಹೆಚ್ಚು ಸಣ್ಣದು. ಅಂಥ ಸೋಸುಕವನ್ನೇ ತಂದು ಹಾಕಿದರೂ, ಚೀಲದ ಬಾಯಿಯಲ್ಲಿ ಅರ್ಧ ಮಿಲಿಮೀಟರ್ ಸಂದಿ ಉಳಿದರೆ ಅದು ಧೂಳಿನ ಕಣಕ್ಕೆ ಊರಬಾಗಿಲಷ್ಟು ದೊಡ್ಡದು.

ಗೋಕಾಕದ ನೀರು, ಮನೆಬಾಗಿಲಿಗೆ ಬಂದ ಟೈ ಕಟ್ಟಿದವರು

ನಮ್ಮ ದೇಶದಲ್ಲಿ ಈ ಮಷೀನು ಮಧ್ಯಮ ವರ್ಗದ ಮನೆಗೆ ಬಂದ ಕಥೆಯಲ್ಲಿ ಕರ್ನಾಟಕದ ಒಂದು ಹೆಸರಿದೆ.

ಬೆಳಗಾವಿ ಜಿಲ್ಲೆಯ ಗೋಕಾಕ ಜಲಪಾತದ ಹತ್ತಿರ, ಘಟಪ್ರಭೆಯ ನೀರಿನ ಬಲ ಬಳಸಿ ಹತ್ತಿಯ ನೂಲು ತೆಗೆಯುವ ಗಿರಣಿಯನ್ನು 1880ರ ದಶಕದಲ್ಲಿ ಕಟ್ಟಿದರು. ಜಲಪಾತ ನೋಡಲು ಹೋದವರು ತೂಗುಸೇತುವೆಯ ಮೇಲೆ ನಿಂತು ಆ ಗಿರಣಿಯನ್ನು ನೋಡಿರುತ್ತೀರಿ. 1767ರಿಂದ ಮುಂಬೈಯಲ್ಲಿ ವ್ಯಾಪಾರ ಮಾಡುತ್ತಿದ್ದ ಫೋರ್ಬ್ಸ್ ಸಂಸ್ಥೆಗೂ ಈ ಗಿರಣಿಗೂ ನಂಟು ಬೆಳೆಯಿತು. 1990ರ ದಶಕದಲ್ಲಿ ಎರಡೂ ಸೇರಿ 'ಫೋರ್ಬ್ಸ್ ಗೋಕಾಕ್' ಎಂಬ ಒಂದೇ ಕಂಪನಿ ಆದವು.

ಅದಕ್ಕೂ ಮೊದಲು, 1982ರಲ್ಲಿ, ಫೋರ್ಬ್ಸ್ ಬಳಗ ಸ್ವೀಡನ್ನಿನ ಎಲೆಕ್ಟ್ರೋಲಕ್ಸ್ ಜೊತೆ ಸೇರಿ 'ಯುರೇಕಾ ಫೋರ್ಬ್ಸ್' ಶುರು ಮಾಡಿತ್ತು. 'ಯುರೇಕಾ' ಎಂಬುದು 1909ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಹುಟ್ಟಿ ಮುಂದೆ ಎಲೆಕ್ಟ್ರೋಲಕ್ಸ್ ಕೈಸೇರಿದ ವ್ಯಾಕ್ಯೂಮ್ ಕ್ಲೀನರಿನ ಹೆಸರು. 'ಯುರೋಕ್ಲೀನ್' ಮಷೀನುಗಳನ್ನು ಅಂಗಡಿಯಲ್ಲಿಟ್ಟು ಕಾಯುವ ಬದಲು, ಟೈ ಕಟ್ಟಿದ ಹುಡುಗರು ಮನೆ ಮನೆಗೆ ಹೊತ್ತು ತಂದು ತೋರಿಸಿದರು. ಹಾಸಿಗೆಯ ಮೇಲೆ ಮಷೀನು ಓಡಿಸಿ ಹೊರಬಂದ ಧೂಳನ್ನು ಮನೆಯವರ ಮುಂದೆ ಹಿಡಿದರೆ ಯಾರಿಗಾದರೂ ನಾಚಿಕೆಯಾಗದೆ ಇರುತ್ತದೆಯೇ? ನೀರು ಶುದ್ಧ ಮಾಡುವ 'ಅಕ್ವಾಗಾರ್ಡ್' ಕೂಡ ಇದೇ ದಾರಿಯಲ್ಲಿ ಮನೆ ಸೇರಿತು.

ಆ ಹುಡುಗರು ಮುಂಬೈ, ಬೆಂಗಳೂರು, ಹೈದರಾಬಾದಿನ ಮನೆಗಳಿಗೆ ಹೋದರು. ನಮ್ಮ ಹಳ್ಳಿಗಳಿಗೆ ಬರುವ ಕಾರಣವೂ ಇರಲಿಲ್ಲ. ನಮ್ಮಲ್ಲಿ ಧೂಳು ಅಡಗಿಸುವ ಉಪಾಯವೇ ಬೇರೆ ಇತ್ತು. ಅಂಗಳಕ್ಕೆ ನೀರು ಚಿಮುಕಿಸಿ ಕಸ ಹೊಡೆಯುವುದು, ನೆಲಕ್ಕೆ ಸಗಣಿ ಸಾರಿಸುವುದು. ನೀರು ಧೂಳನ್ನು ಏಳಗೊಡುತ್ತಿರಲಿಲ್ಲ. ಕೌದಿಗಳನ್ನು ಹಳ್ಳಕ್ಕೋ ಕಾಲುವೆಗೋ ಒಯ್ದು ಒಗೆಯುತ್ತಿದ್ದರು. ಈಗ ಮನೆಗಳಿಗೆ ಟೈಲ್ಸ್ ಬಂದಿವೆ, ದಪ್ಪ ಗಾದಿ, ಸೋಫಾ ಬಂದಿವೆ. ಅವುಗಳನ್ನು ಒಗೆಯಲು ಆಗುವುದಿಲ್ಲ, ಝಾಡಿಸಿದರೆ ಧೂಳು ಮನೆಯೊಳಗೇ ಏಳುತ್ತದೆ. ಮಾಮಾನ ಅಟ್ಟದ ಮೇಲಿನ ಮಷೀನಿಗೆ ಈಗ ಕೆಲಸ ಬಂದದ್ದು ಹೀಗೆ.

ಚೀಲವೇ ಬೇಡ ಅಂದ ಕಾಲ

ಮಷೀನಿಗೆ ಕೆಲಸ ಬರುವ ಹೊತ್ತಿಗೆ ಚೀಲ ಪೇಟೆಯಿಂದ ಕಡಿಮೆಯಾಗಿತ್ತು. ಅದಕ್ಕೆ ಒಂದು ಕಾರಣ ಜೇಮ್ಸ್ ಡೈಸನ್. 1970ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಈ ವಿನ್ಯಾಸಕ, ಚೀಲದ ರಂಧ್ರ ಮುಚ್ಚಿಕೊಂಡಂತೆ ಮಷೀನಿನ ಎಳೆತ ಇಳಿಯುವುದನ್ನು ಗಮನಿಸಿದ. ಕಟ್ಟಿಗೆ ಕೊಯ್ಯುವ ಕಾರ್ಖಾನೆಯಲ್ಲಿ ಗಾಳಿಯನ್ನು ಸುಳಿಯಂತೆ ತಿರುಗಿಸಿ ಹೊಟ್ಟು ಬೇರೆ ಮಾಡುವ ದೊಡ್ಡ ತಗಡಿನ ಆಲಿಕೆ ನೋಡಿದ್ದ. ಅದನ್ನು ಸಣ್ಣದಾಗಿ ಮಾಡಲು ಹೋಗಿ 5,127 ಮಾದರಿಗಳನ್ನು ಕಟ್ಟಿದ. 1993ರಲ್ಲಿ ಚೀಲವಿಲ್ಲದ ಅವನ ಮಷೀನು ಸ್ವಂತ ಹೆಸರಿನಲ್ಲಿ ಇಂಗ್ಲೆಂಡಿನ ಪೇಟೆಗೆ ಬಂತು. ಆಮೇಲೆ ಬಹಳ ಕಂಪನಿಗಳು ಪಾರದರ್ಶಕ ಡಬ್ಬಿಯ ಮಷೀನು ಮಾಡತೊಡಗಿದವು.

ಆ ಆಲಿಕೆ ನಮಗೆ ಹೊಸದಲ್ಲ. ದೊಡ್ಡ ಅಕ್ಕಿ ಗಿರಣಿ, ದಾಲ್ ಮಿಲ್‌ಗಳ ಮಾಡಿನ ಮೇಲೆ ಕೆಳಗೆ ಚೂಪಾದ ತಗಡಿನ ಡ್ರಮ್ ಕಾಣುತ್ತದಲ್ಲ, ಅದೇ. ಮಿಲ್ಲಿನವರು ಅದಕ್ಕೆ ಸೈಕ್ಲೋನ್ ಅನ್ನುತ್ತಾರೆ.

ನಾವು ಹುಡುಕಿದ ಚೀಲ

ಯಾದಗಿರಿಯ ಎಲೆಕ್ಟ್ರಿಕ್ ಅಂಗಡಿಗಳಲ್ಲಿ ಕೇಳಿದೆವು. ಕಲಬುರಗಿಯಲ್ಲಿ ಒಬ್ಬ ರಿಪೇರಿಯವರು ಮಷೀನು ನೋಡಿ, "ಇದಕ್ಕ ಚೀಲ ಎಲ್ಲಿ ಸಿಗ್ತದರಿ, ಹೊಸಾದು ತಗೊಂಡ್ಬಿಡ್ರಿ" ಅಂದರು. ಮೊಬೈಲಿನಲ್ಲಿ ಹುಡುಕಿ "ಎಲ್ಲ ಮಷೀನಿಗೂ ಹೊಂದುತ್ತದೆ" ಎಂದು ಬರೆದಿದ್ದ ಒಂದು ಚೀಲ ತರಿಸಿದೆವು. ಬಟ್ಟೆ ಒಳ್ಳೆಯದೇ ಇತ್ತು. ಆದರೆ ನಮ್ಮ ಮಷೀನಿನ ಒಳಕೊಳವೆಯ ಅಗಲ 38 ಮಿಲಿಮೀಟರ್, ಆ ಚೀಲದ ರಂಧ್ರ 45 ಮಿಲಿಮೀಟರ್. ಸುತ್ತ ಮೂರೂವರೆ ಮಿಲಿಮೀಟರ್ ಸಂದಿ. ಎಲ್ಲದಕ್ಕೂ ಹೊಂದುವ ಚೀಲ ನಮ್ಮದಕ್ಕೆ ಹೊಂದಲಿಲ್ಲ.

ಅವತ್ತು ಖಾರ ಬೀಸಿಸಲು ಹೋದಾಗ ಮಾಮಾ ಆ ಚೀಲವನ್ನೂ ಕೊಳವೆಯಿರುವ ಮುಚ್ಚಳವನ್ನೂ ಗಿರಣಿಗೆ ಒಯ್ದರು. ಗಿರಣಿಯ ಕಾಕಾ ಚೀಲವನ್ನು ಕೊಳವೆಗೆ ಸಿಕ್ಕಿಸಿ, ಅಲ್ಲಾಡಿಸಿ ನೋಡಿ ನಕ್ಕರು.

"ಚೀಲ ಚೊಲೊ ಅದ ತಮ್ಮಾ, ಬಾಯಿ ಬಿಗಿ ಇಲ್ಲ ನೋಡು. ನಮ್ಮ ಖಾರದ ಚೀಲದ ಬಾಯಿ ಇಷ್ಟ ಸಡಿಲ ಬಿಟ್ರ, ಇಲ್ಲಿ ನಿಂತವರೆಲ್ಲ ಸೀನಕೋಂತ ಓಡಿ ಹೋಗ್ತಾರ."

ಖಾರ ಸೋರಿದರೆ ಕೂಡಲೇ ಗೊತ್ತಾಗುತ್ತದೆ, ಅದಕ್ಕೇ ಗಿರಣಿಯವರು ಬಾಯಿಯನ್ನು ಮೊದಲು ನೋಡುತ್ತಾರೆ. ಮನೆಯ ಧೂಳು ಸೋರಿದರೆ ಸೀನು ಬರುವಷ್ಟರಲ್ಲಿ ತಡವಾಗಿರುತ್ತದೆ. ಕಾಕಾ ತಮ್ಮ ಚೀಲದ ಬಾಯಿಗೆ ಹಳೆಯ ಟ್ಯೂಬಿನ ಪಟ್ಟಿ ಸುತ್ತಿದ್ದರು. ನಮಗೂ ಹಾಗೇ ಒಂದು ತುಂಡು ಟ್ಯೂಬು ಕತ್ತರಿಸಿ ಕೊಟ್ಟರು.

ಆ ರಬ್ಬರಿನಲ್ಲಿ 34 ಮಿಲಿಮೀಟರಿನ ದುಂಡನೆಯ ರಂಧ್ರ ಕೊರೆದೆವು. ಕೊಳವೆಗಿಂತ 4 ಮಿಲಿಮೀಟರ್ ಕಡಿಮೆ, ಹಾಗಾಗಿ ರಬ್ಬರ್ ಹಿಗ್ಗಿ ಕೊಳವೆಯನ್ನು ಸುತ್ತಲೂ ಕಚ್ಚಿ ಹಿಡಿಯುತ್ತದೆ. ಅದನ್ನು ಚೀಲದ ರಟ್ಟಿಗೂ ಇನ್ನೊಂದು ರಟ್ಟಿಗೂ ನಡುವೆ ಇಟ್ಟು ಅಂಟಿಸಿದೆವು. ಅಂಟು ಒಣಗಲು ಒಂದು ರಾತ್ರಿ ಬಿಟ್ಟೆವು.

ಇದು ಕೆಲಸ ಮಾಡಿತೋ ಇಲ್ಲವೋ ನೋಡಲು ಬೂತನ ಕರವಸ್ತ್ರವನ್ನೇ ಬಳಸಿದೆವು, ಆದರೆ ಹಿಂದುಮುಂದಾಗಿ. ಒದ್ದೆ ಮಾಡಿ ಚೆನ್ನಾಗಿ ಹಿಂಡಿದ ಬಿಳಿ ಕರವಸ್ತ್ರವನ್ನು ಹಿಂದಿನ ಜಾಲರಿಯಿಂದ ನಾಲ್ಕು ಬೆರಳು ದೂರ ಹಿಡಿದು, ಎರಡು ನಿಮಿಷ ಮಷೀನು ಓಡಿಸಿದೆವು. ಟೇಲರ್ ಹೊಲಿದ ಮೊದಲ ಚೀಲದಲ್ಲಿ ಕರವಸ್ತ್ರದ ಮೇಲೆ ಕಂದು ಬಣ್ಣದ ಗುರುತು ಬಿತ್ತು. ತರಿಸಿದ ಚೀಲವನ್ನು ಹಾಗೇ ಹಾಕಿದಾಗಲೂ ಬಿತ್ತು. ರಬ್ಬರ್ ಹಾಕಿದ ಮೇಲೆ ಕರವಸ್ತ್ರ ಬೆಳ್ಳಗೇ ಉಳಿಯಿತು.

ನಿಮ್ಮ ಮನೆಯಲ್ಲೂ ಇಂಥದೊಂದು ಇದ್ದರೆ

ನಗರಕ್ಕೆ ದುಡಿಯಲು ಹೋದವರ ಮನೆಗಳಲ್ಲಿ ಇಂಥ ಮಷೀನು ಇರುವುದು ಅಪರೂಪವೇನಲ್ಲ. ಚೀಲ ಹುಡುಕುವ ಮೊದಲು ನಾಲ್ಕು ಅಳತೆ ಬರೆದಿಟ್ಟುಕೊಳ್ಳಿ: ಕೊಳವೆಯ ಹೊರ ಅಗಲ, ರಟ್ಟು ಕೂರುವ ಜಾಗದ ಉದ್ದ ಮತ್ತು ಅಗಲ, ರಟ್ಟಿನ ದಪ್ಪ, ಚೀಲದ ಗೂಡಿನ ಆಳ. ಹಳೆಯ ಚೀಲದ ರಟ್ಟನ್ನು ಎಸೆಯಬೇಡಿ, ಅದೇ ಅಚ್ಚು. ಬಟ್ಟೆ ಹರಿದು ಬಾಯಿ ಗಟ್ಟಿ ಇದ್ದರೆ ಅದೇ ಬಾಯಿಗೆ ಹೊಸ ಚೀಲ ಕೂರಿಸಬಹುದು.

ಬಟ್ಟೆ ಹೊಲಿಸುವುದಾದರೆ ಒತ್ತಾಗಿ ನೇಯ್ದ ಹತ್ತಿ ಬಟ್ಟೆ ತಂದು, ಗಂಜಿ ಹೋಗುವಂತೆ ಒಗೆದು, ಎರಡು ಪದರ ಮಾಡಿ. ದಪ್ಪ ಕ್ಯಾನ್ವಾಸ್ ಬೇಡ. ಅದರಿಂದ ಗಾಳಿ ಹೋಗುವುದಿಲ್ಲ, ಮೋಟರ್ ಕಾಯುತ್ತದೆ. ಪ್ಲಾಸ್ಟಿಕ್ ಅಂತೂ ಬೇಡವೇ ಬೇಡ. ಗೂಡಿನಲ್ಲಿ ಹಿಡಿಸುವಷ್ಟು ದೊಡ್ಡ ಚೀಲ ಮಾಡಿ, ಬಟ್ಟೆ ಹೆಚ್ಚಿದಷ್ಟೂ ಗಾಳಿಗೆ ದಾರಿ ಹೆಚ್ಚು. ಸೂಜಿಯ ರಂಧ್ರದಿಂದಲೂ ಧೂಳು ಸೋರುತ್ತದೆ, ಆದ್ದರಿಂದ ಅಂಚನ್ನು ಎರಡು ಸಲ ಮಡಿಚಿ ಹೊಲಿಯಲು ಟೇಲರ್‌ಗೆ ಹೇಳಿ. ಹೊಸ ಬಟ್ಟೆ ಶುರುವಿನಲ್ಲಿ ಸ್ವಲ್ಪ ಸೋರುತ್ತದೆ. ಒಳಗೆ ಧೂಳಿನ ತೆಳು ಪದರ ಕೂತ ಮೇಲೆ ಅದೇ ಸೋಸುಕ ಆಗುತ್ತದೆ. ಆ ಪದರ ದಪ್ಪವಾದರೆ ಎಳೆತ ಇಳಿಯುತ್ತದೆ, ಆಗ ಚೀಲ ಖಾಲಿ ಮಾಡಬೇಕು. ಒಗೆದರೆ ಪೂರ್ತಿ ಒಣಗಿದ ಮೇಲೆಯೇ ಹಾಕಬೇಕು.

ಮಷೀನು ಬಿಚ್ಚುವ ಮೊದಲು ಪ್ಲಗ್ ತೆಗೆಯಿರಿ. ಚೀಲವನ್ನು ಮನೆಯ ಹೊರಗೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಒದ್ದೆ ಮಣ್ಣಿನ ಮೇಲೆ ಖಾಲಿ ಮಾಡಿ. ಒಲೆಯ ಬೂದಿ, ಹಿಟ್ಟು, ನೀರು ಎಳೆಯಬೇಡಿ. ಬೂದಿಯಲ್ಲಿ ಕೆಂಡ ಉಳಿದಿದ್ದರೆ ಚೀಲಕ್ಕೆ ಬೆಂಕಿ ಹತ್ತುತ್ತದೆ.

ಇನ್ನೊಂದು ಮಾತು ನೇರವಾಗಿ ಹೇಳಬೇಕು. ಬಟ್ಟೆಯ ಚೀಲ ಹೆಪಾ ಅಲ್ಲ. ಕರವಸ್ತ್ರ ಬೆಳ್ಳಗಿದ್ದರೂ ಕಣ್ಣಿಗೆ ಕಾಣದ ಅತಿ ಸಣ್ಣ ಧೂಳು ಸ್ವಲ್ಪ ಪಾರಾಗುತ್ತದೆ. ದಮ್ಮು ಇದ್ದವರು ಮಷೀನು ಓಡುವಾಗ ಆ ಕೋಣೆಯಲ್ಲಿ ಇರಬಾರದು. ಹಿಂದಿನ ಜಾಲರಿ ತೆರೆದ ಬಾಗಿಲ ಕಡೆಗಿರಲಿ. ಮಷೀನು ಔಷಧಿಗೆ ಬದಲಿಯಲ್ಲ.

ರಾಶಿಯ ಕಾಲಕ್ಕೆ

ಈ ಚೀಲದ ಚರಿತ್ರೆ ತಿಳಿದ ಮೇಲೆ ನಮ್ಮ ಕಡೆಯ ಕೆಲಸಗಳನ್ನು ನೋಡುವ ನನ್ನ ಕಣ್ಣು ಬದಲಾಯಿತು. ತೊಗರಿ ರಾಶಿ ಮಾಡುವ ಹೆಣ್ಣುಮಕ್ಕಳು ಸೆರಗನ್ನು ಮೂಗಿಗೆ ಸುತ್ತಿಕೊಳ್ಳುತ್ತಾರೆ. ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಟವೆಲ್ ಕಟ್ಟಿಕೊಂಡು ನಿಲ್ಲುತ್ತಾರೆ. ಹತ್ತಿಯ ಧೂಳಿನಿಂದ ಬರುವ ಎದೆರೋಗ 'ಬಿಸಿನೋಸಿಸ್', ಕಲ್ಲಿನ ಧೂಳಿನಿಂದ ಬರುವ 'ಸಿಲಿಕೋಸಿಸ್' ಎರಡೂ 1948ರ ಕಾರ್ಖಾನೆ ಕಾಯ್ದೆಯ ರೋಗಗಳ ಪಟ್ಟಿಯಲ್ಲಿದ್ದವು. ಅಂದರೆ ಧೂಳಿನಿಂದ ಆಗುವ ಹಾನಿಯನ್ನು ಕಾನೂನು ಒಪ್ಪಿಕೊಂಡು ದಶಕಗಳಾಗಿವೆ. ನಮ್ಮ ಕೈಯಲ್ಲಿ ಇಂದಿಗೂ ಇರುವುದು ಸೆರಗು ಮತ್ತು ಟವೆಲ್.

ಸೆರಗಿನ ಬಟ್ಟೆ ಕೆಟ್ಟದ್ದೆಂದಲ್ಲ. ಮೂಗಿನ ಎರಡೂ ಬದಿಗೆ ಅದು ಬಾಯಿ ಬಿಟ್ಟಿರುತ್ತದೆ. ಕೊರೊನಾ ಕಾಲದಲ್ಲಿ ಮಾಸ್ಕಿನ ಮೇಲಿನ ತಂತಿಯನ್ನು ಮೂಗಿಗೆ ಒತ್ತಿ ಕೂರಿಸಿ ಎಂದು ಆಶಾ ಕಾರ್ಯಕರ್ತೆಯರು ಹೇಳಿ ಹೇಳಿ ಸಾಕಾಗಿದ್ದರು, ನೆನಪಿದೆಯೇ? ಎನ್-95 ಮಾಸ್ಕ್ ಸಣ್ಣ ಕಣಗಳಲ್ಲಿ ಶೇ 95ನ್ನು ತಡೆಯುತ್ತದೆ, ಆದರೆ ಮುಖಕ್ಕೆ ಸುತ್ತಲೂ ಕೂತರೆ ಮಾತ್ರ. ಗಿರಣಿಯ ಕಾಕಾ ನಮ್ಮ ಚೀಲಕ್ಕೆ ಹೇಳಿದ ಮಾತು ಮಾಸ್ಕಿಗೂ ಸಲ್ಲುತ್ತದೆ.

ಮಾಮಾನ ಮನೆಯಲ್ಲಿ ಈಗ ಮಷೀನು ಅಟ್ಟದ ಮೇಲಿಲ್ಲ. ವಾರಕ್ಕೊಮ್ಮೆ ಕೌದಿ, ಗಾದಿ ಸ್ವಚ್ಛವಾಗುತ್ತವೆ. ಆ ಹೊತ್ತಿಗೆ ಅತ್ತಿ ಪಕ್ಕದ ಮನೆಯ ಕಟ್ಟೆಯ ಮೇಲೆ ಕೂತು ಮಾತಾಡುತ್ತಾರೆ. ಮುಚ್ಚಳದ ಒಳಗೆ ಮಾಮಾ ಸ್ಕೆಚ್ ಪೆನ್ನಿನಿಂದ "ಕೊಳವಿ 38, ರಬ್ಬರ್ 34" ಎಂದು ಬರೆದಿಟ್ಟಿದ್ದಾರೆ. ಮುಂದಿನ ಸಲ ಚೀಲ ಹರಿದರೆ ಕಲಬುರಗಿಗೆ ಅಲೆಯುವುದು ಬೇಡ. ಈ ಸಲ ರಾಶಿಗೆ ಹೋಗುವಾಗ ಅವರ ಕಿಸೆಯಲ್ಲಿ ಮೂರು ಎನ್-95 ಮಾಸ್ಕ್ ಇದ್ದವು. ಹೊಲದಲ್ಲಿ ಕೆಲಸಕ್ಕೆ ಬಂದ ಹೆಣ್ಣುಮಕ್ಕಳಿಗೆ ಕೊಟ್ಟು, ಮೂಗಿನ ತಂತಿ ಒತ್ತಿಕೊಳ್ಳಿರಿ ಎಂದು ತಾವೇ ತೋರಿಸಿದರು.